ದೇಹಕ್ಕೆಲ್ಲಿದೆ ರಜೆ?

ವರ್ಷವಿಡೀ ದೇಶ ಸುತ್ತಿ ಬಂದವರನ್ನು ನೆಂಟರಿಷ್ಟರು ಕೇಳುವ ಪ್ರಶ್ನೆ ಒಂದೇ: ‘ಏನೇನು ನೋಡಿದಿರಿ?’ ನಾವು ಊರಿಗೆ ಮರಳಿದ ಮೊದಲ ವಾರ ಮನೆಗೆ ಬಂದವರೆಲ್ಲ ಇದನ್ನೇ ಕೇಳಿದರು. ನಾನು ಫೋಟೋ ತೋರಿಸುತ್ತಿದ್ದೆ. ನನ್ನ ಹೆಂಡತಿ ಮಾತ್ರ ಬಲಗಾಲಿನ ಹೆಬ್ಬೆರಳನ್ನು ತೋರಿಸುತ್ತಿದ್ದಳು. ಬಂದವರು ನಗುತ್ತಿದ್ದರು. ಆ ಬೆರಳು ಉಳಿದಿದ್ದೇ ಹೆಚ್ಚು ಎಂಬುದು ಅವರಿಗೆ ಗೊತ್ತಿರಲಿಲ್ಲ.

ನಾನು ಶಿವಮೊಗ್ಗದಲ್ಲಿ ಸುಮಾರು 40 ವರ್ಷ ವೈದ್ಯ ವೃತ್ತಿ ಮಾಡಿದವನು. ಮಕ್ಕಳ ಜವಾಬ್ದಾರಿ ಮುಗಿದ ಮೇಲೆ, ಕೂಡಿಟ್ಟ ಹಣದಲ್ಲಿ ಒಂದು ವರ್ಷ ಪ್ರಪಂಚ ನೋಡಿ ಬರೋಣವೆಂದು 2023ರ ಜೂನ್ ಮೊದಲಲ್ಲಿ ಇಬ್ಬರೂ ಹೊರಟೆವು. ಆಗ ನನಗೆ 66, ಆಕೆಗೆ 61. ನನಗೆ ರಕ್ತದೊತ್ತಡ, ಆಕೆಗೆ 14 ವರ್ಷಗಳಿಂದ ಸಕ್ಕರೆ ಕಾಯಿಲೆ. ದೇಶ ಸುತ್ತು, ಕೋಶ ಓದು ಎಂದು ಹಿರಿಯರು ಹೇಳಿದ್ದಾರೆ. ಮಾತ್ರೆ ಡಬ್ಬಿ ಹೊತ್ತುಕೊಂಡು ಸುತ್ತುವುದು ಹೇಗೆಂದು ಅವರು ಹೇಳಿಲ್ಲ!

ಅದನ್ನು ನಾವು ಪೆಟ್ಟು ತಿಂದು ಕಲಿತೆವು. ಮೊದಲ ಮೂರೂವರೆ ತಿಂಗಳಲ್ಲಿ ಒಂಬತ್ತು ದೇಶ ನೋಡಿದೆವು. ನಂತರದ ಎಂಟು ತಿಂಗಳಲ್ಲಿ ಇದ್ದದ್ದು ಮೂರೇ ದೇಶಗಳಲ್ಲಿ. ನಮ್ಮ ಕಾಯಿಲೆಗಳೆಲ್ಲ ಮೊದಲ ಭಾಗದವು, ಆರೋಗ್ಯವೆಲ್ಲ ಎರಡನೆಯ ಭಾಗದ್ದು. ಕೊನೆಗೆ ಮನೆಗೆ ಬಂದ ಮೇಲೆ ನಾನು ಮಾಡಿದ ಒಂದು ಮೂರ್ಖತನ ಬೇರೆ ಇದೆ, ಅದನ್ನು ಆಮೇಲೆ ಹೇಳುತ್ತೇನೆ.

ಪ್ರವಾಸ ಎಂದೊಡನೆ ನಮ್ಮ ಮನಸ್ಸು ರಜೆ ಹಾಕಿಬಿಡುತ್ತದೆ. ‘ಒಂದು ದಿನಕ್ಕೆ ಏನಾಗುತ್ತೆ ಬಿಡಿ’ ಎನ್ನುವುದು ಪ್ರವಾಸಿಗಳ ಮಂತ್ರ. ನಾಲ್ಕು ದಿನದ ಧರ್ಮಸ್ಥಳ, ಸುಬ್ರಹ್ಮಣ್ಯ ಯಾತ್ರೆಯಲ್ಲಿ ಇದು ನಡೆದೀತು. ವರ್ಷವಿಡೀ ತಿರುಗುವವರಿಗೆ ಆ ಒಂದು ದಿನ 365 ಸಲ ಬರುತ್ತದೆ.

ಕ್ಯೋಟೋದಲ್ಲಿ ಆದದ್ದನ್ನೇ ನೋಡಿ. ಆಗಸ್ಟ್ ತಿಂಗಳು, ಮೈ ಬೇಯುವ ಸೆಕೆ. ನನ್ನ ಹೆಂಡತಿ ಬೆಳಿಗ್ಗೆ ಎಂದಿನಂತೆ ಗ್ಲಿಮಿಪಿರೈಡ್ ಮಾತ್ರೆ ನುಂಗಿ, ಎರಡು ಬಿಸ್ಕತ್ತು ತಿಂದು ಹೊರಟಳು. ನಾವು ಸಸ್ಯಾಹಾರಿಗಳು. ಜಪಾನಿನಲ್ಲಿ ತರಕಾರಿ ಸಾರಿಗೂ ಒಣಮೀನಿನ ರಸ ಬೆರೆಸುವುದು ವಾಡಿಕೆ. ಅದಿಲ್ಲದ ಊಟ ಹುಡುಕುತ್ತಾ ಒಂದು ದೇವಾಲಯದಿಂದ ಇನ್ನೊಂದಕ್ಕೆ ಅಲೆದು ಮಧ್ಯಾಹ್ನ ಎರಡಾಯಿತು. ಆಕೆ ಬೆವರತೊಡಗಿದಳು. ಬಿಸಿಲಿಗೆ ಇರಬೇಕೆಂದುಕೊಂಡೆ. ಕೈ ನಡುಗಿತು. ಆಯಾಸವಿರಬೇಕೆಂದುಕೊಂಡೆ. ಬಸ್ಸಿನ ನಂಬರನ್ನು ಮೂರು ಸಲ ತಪ್ಪಾಗಿ ಓದಿದಾಗ ನನಗೆ ಎಚ್ಚರವಾಯಿತು. ಜೇಬಿನಲ್ಲಿದ್ದ ಪೆಪ್ಪರ್‌ಮಿಂಟುಗಳನ್ನು ಬಾಯಿಗೆ ಹಾಕಿಸಿ, ಯಂತ್ರದಿಂದ ಹಣ್ಣಿನ ರಸದ ಡಬ್ಬಿ ತೆಗೆದು ಕುಡಿಸಿದೆ. ಹತ್ತು ನಿಮಿಷದಲ್ಲಿ ಸರಿಹೋದಳು. ಇಂಥ ಮಾತ್ರೆ ನುಂಗಿದ ಮೇಲೆ ಊಟ ತಡವಾದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತದೆಂದು ನಾನೇ ಎಷ್ಟು ಜನಕ್ಕೆ ಹೇಳಿಲ್ಲ?

ಮಾತ್ರೆಗಳ ವಿಷಯ ಬಂದದ್ದರಿಂದ ಒಂದೆರಡು ಮಾತು. ಔಷಧಿಯ ಕಂಪನಿ ಹೆಸರು ಗಡಿ ದಾಟುವುದಿಲ್ಲ, ಮೂಲ ಹೆಸರು ಮಾತ್ರ ದಾಟುತ್ತದೆ. ಮೆಟ್‌ಫಾರ್ಮಿನ್ ಎಂದರೆ ಲಿಮಾದ ಅಂಗಡಿಯವನಿಗೂ ಗೊತ್ತು. ನಮ್ಮ ಪ್ಯಾರಾಸಿಟಮಾಲ್ ಮಾತ್ರ ಅಮೆರಿಕ, ಜಪಾನುಗಳಲ್ಲಿ ಅಸೆಟಮಿನೋಫೆನ್ ಆಗುತ್ತದೆ. ಇಲ್ಲಿ ಸಲೀಸಾಗಿ ಸಿಗುವ ಕೆಲವು ಔಷಧಿಗಳು ಹೊರಗೆ ಕಾನೂನಿನ ತೊಡಕು ತರುತ್ತವೆ. ಸೂಡೊಎಫೆಡ್ರಿನ್ ಅಂಶ ಹೆಚ್ಚಿರುವ ನೆಗಡಿ ಔಷಧಿಗೆ ಜಪಾನಿನಲ್ಲಿ ನಿಷೇಧವಿದೆ. ವೈದ್ಯರು ಬರೆದುಕೊಟ್ಟ ಔಷಧಿಯನ್ನೂ ಒಂದು ತಿಂಗಳಿಗಿಂತ ಹೆಚ್ಚು ಒಯ್ಯಲು ಅಲ್ಲಿ ಮೊದಲೇ ಅನುಮತಿ ಪಡೆಯಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ವಿಮಾನದ ಹೊಟ್ಟೆಯೊಳಗೆ ಹೋದರೆ ಹೆಪ್ಪುಗಟ್ಟಿ ಕೆಡಬಹುದು. ಲಂಡನ್ನಿನಲ್ಲಿ ಆಕೆಯ ರಕ್ತ ಪರೀಕ್ಷೆ ಮಾಡಿಸಿದಾಗ ಚೀಟಿಯಲ್ಲಿ ಸಕ್ಕರೆ 9.2 ಎಂದಿತ್ತು. ‘ರೀ, ಬರೀ ಒಂಬತ್ತು!’ ಎಂದು ಹಿಗ್ಗಿದಳು. ಬ್ರಿಟನ್ನಿನ ಲೆಕ್ಕವನ್ನು ನಮ್ಮ ಲೆಕ್ಕಕ್ಕೆ ತರಲು 18ರಿಂದ ಗುಣಿಸಬೇಕು. ಗುಣಿಸಿದರೆ 166.

ಇನ್ನು ಹೆಬ್ಬೆರಳಿನ ಕಥೆ. ಲಿಸ್ಬನ್ ನಮ್ಮ ಒಂಬತ್ತನೆಯ ದೇಶದ ರಾಜಧಾನಿ. ಏರಿಳಿತದ ಊರು, ಕಾಲುದಾರಿಗೆಲ್ಲ ನುಣುಪಾದ ಚಿಕ್ಕ ಚಿಕ್ಕ ಕಲ್ಲು ಹಾಸಿದ್ದಾರೆ. ಹಿಂದಿನ ವಾರವಷ್ಟೇ ಆಕೆ ಹೊಸ ಬೂಟು ಕೊಂಡಿದ್ದಳು. ಮೂರು ದಿನದಲ್ಲಿ ಊರೆಲ್ಲ ನೋಡಿ ಮುಗಿಸಬೇಕೆಂಬ ನನ್ನ ಹಟಕ್ಕೆ ಮೊದಲ ದಿನವೇ ಆರು ಗಂಟೆ ನಡೆಸಿದೆ. ರಾತ್ರಿ ಕಾಲುಚೀಲ ಕಳಚಿದಾಗ ತುದಿ ರಕ್ತದಿಂದ ಒದ್ದೆಯಾಗಿತ್ತು. ‘ನೋವಾಗಲಿಲ್ವೇ?’ ಎಂದೆ. ‘ಏನೂ ಗೊತ್ತಾಗ್ಲಿಲ್ಲ ರೀ’ ಎಂದಳು.

ಆ ಮಾತು ಕೇಳಿ ನನ್ನ ಎದೆ ಧಸಕ್ಕೆಂದಿತು. ವರ್ಷಗಟ್ಟಲೆ ಏರಿದ ಸಕ್ಕರೆ ಮೊದಲು ಕಾಲಿನ ನರಗಳನ್ನು ಮಂಕಾಗಿಸುತ್ತದೆ. ನೋವು ಎಂಬುದು ದೇಹದ ಕಾವಲುಗಾರ. ಅವನು ನಿದ್ದೆ ಹೋದರೆ ಬೊಕ್ಕೆ ಒಡೆದರೂ ರೋಗಿಗೆ ತಿಳಿಯದು. ನಡೆಯುತ್ತಲೇ ಇರುತ್ತಾರೆ, ಗಾಯ ಒಳಗೊಳಗೇ ಆಳವಾಗುತ್ತದೆ. ಕೀವು ಮೂಳೆಗೆ ಇಳಿದರೆ ಬೆರಳನ್ನು, ಕೆಲವೊಮ್ಮೆ ಪಾದವನ್ನೇ ತೆಗೆಯಬೇಕಾಗುತ್ತದೆ. ಇಂಥ ಎಷ್ಟೋ ಪಾದಗಳನ್ನು ನಾನು ಶಸ್ತ್ರವೈದ್ಯರ ಬಳಿಗೆ ಕಳುಹಿಸಿದ್ದೇನೆ. ಮನೆಯ ಪಾದವನ್ನು ಮಾತ್ರ ಬಗ್ಗಿ ನೋಡಿರಲಿಲ್ಲ.

ಮಾರನೆಯ ದಿನ ಅಲ್ಲಿನ ಚಿಕಿತ್ಸಾಲಯಕ್ಕೆ ಹೋದೆವು. ಗಾಯ ತೊಳೆದ ನರ್ಸಮ್ಮ ನಾನು ವೈದ್ಯನೆಂದು ತಿಳಿದು ಕೇಳಿದ್ದು ಒಂದೇ ಪ್ರಶ್ನೆ: ‘ದಿನಾ ರಾತ್ರಿ ಇವರ ಪಾದ ನೋಡುವವರು ಯಾರು?’ ನನ್ನ ಬಳಿ ಉತ್ತರವಿರಲಿಲ್ಲ. ಬೆರಳಿನ ಮೇಲೆ ಭಾರ ಬೀಳದಂತೆ ವಿಶೇಷ ಪಾದರಕ್ಷೆ ಕೊಟ್ಟು, ಮೂರು ವಾರ ಓಡಾಟ ಕೂಡದು, ದಿನ ಬಿಟ್ಟು ದಿನ ಪಟ್ಟಿಗೆ ಬನ್ನಿ ಎಂದರು. ವಿಮೆಯವರು ಒಂದು ಪೈಸೆಯೂ ಕೊಡಲಿಲ್ಲ. ಮೊದಲೇ ಇದ್ದ ಕಾಯಿಲೆಗೆ ಸಂಬಂಧಿಸಿದ್ದು ಎಂಬ ಸಣ್ಣಕ್ಷರದ ಸಾಲನ್ನು ತೋರಿಸಿದರು. ಷೆಂಗೆನ್ ವೀಸಾಕ್ಕೆ 30,000 ಯೂರೋ ರಕ್ಷಣೆಯ ವಿಮೆ ಬೇಕೆಂದು ಮಾಡಿಸಿದ್ದೆವೇ ಹೊರತು ಅದರಲ್ಲಿ ಏನು ಇಲ್ಲ ಎಂದು ಓದಿರಲಿಲ್ಲ.

ಮೂರು ವಾರಕ್ಕೆ ಹೋಟೆಲು ಕೈಗೆಟುಕುವುದಿಲ್ಲ. ಅಲ್ಫಾಮಾ ಎಂಬ ಹಳೆಯ ಕೇರಿಯಲ್ಲಿ ನೆಲಮಹಡಿಯ ಒಂದು ಪುಟ್ಟ ಮನೆ ಬಾಡಿಗೆಗೆ ಹಿಡಿದೆವು. ಮಾರ್ಟಿಂ ಮೊನೀಝ್ ಚೌಕದ ಸುತ್ತ ನಮ್ಮ ಉಪಖಂಡದವರ ಅಂಗಡಿಗಳಿವೆ. ತೊಗರಿಬೇಳೆ, ಹುಣಿಸೆಹಣ್ಣು, ಸಾಸಿವೆ ಎಲ್ಲ ಸಿಕ್ಕಿತು. ನಾನು ಅಡುಗೆ ಕಲಿತೆ, ಆಕೆ ಕುರ್ಚಿಯಲ್ಲಿ ಕಾಲು ಚಾಚಿ ಕುಳಿತು ಕಲಿಸಿದಳು. ಬೆಳಿಗ್ಗೆ ಎಂಟಕ್ಕೆ ತಿಂಡಿ, ಒಂದಕ್ಕೆ ಊಟ, ರಾತ್ರಿ ಹತ್ತಕ್ಕೆ ನಿದ್ದೆ. ಎದುರುಮನೆಯ ಅಜ್ಜಿ ದಿನವೂ ಕಿಟಕಿಯಿಂದಲೇ ನಮಸ್ಕರಿಸುತ್ತಿದ್ದರು. ಮೂರನೆಯ ವಾರ ನನ್ನ ರಕ್ತದೊತ್ತಡ ನೋಡಿಕೊಂಡರೆ, ಊರು ಬಿಟ್ಟ ಮೇಲೆ ಮೊದಲ ಬಾರಿಗೆ ಹತೋಟಿಯಲ್ಲಿತ್ತು. ಮಾತ್ರೆ ಅದೇ. ಬದಲಾದದ್ದು ದಿನಚರಿ ಮಾತ್ರ.

ಮೂರು ವಾರ ಎಂದದ್ದು ಎರಡು ತಿಂಗಳಾಯಿತು. ಗಾಯ ಮಾಯ್ದ ಮೇಲೂ ನಾವು ಹೊರಡಲಿಲ್ಲ. ಹನ್ನೆರಡು ದಿನದಲ್ಲಿ ಒಂಬತ್ತು ದೇಶ ತೋರಿಸುತ್ತೇವೆಂಬ ಜಾಹೀರಾತುಗಳನ್ನು ಕಂಡರೆ ನನಗೀಗ ಸಿಟ್ಟು ಬರುತ್ತದೆ. ಅರವತ್ತು ದಾಟಿದವರನ್ನು ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಬಸ್ಸಿಗೆ ತುಂಬುವುದು, ಮೂತ್ರಕ್ಕೆ ನಿಲ್ಲಿಸಬೇಕಾದೀತೆಂದು ಅವರು ನೀರನ್ನೇ ಕುಡಿಯದಿರುವುದು, ರಾತ್ರಿ ಹನ್ನೊಂದಕ್ಕೆ ಕರಿದ ತಿಂಡಿ. ವಯಸ್ಸಾದವರು ಪ್ರವಾಸ ಹೋಗಬಾರದೆಂದು ನಾನು ಹೇಳುತ್ತಿಲ್ಲ. ಖಂಡಿತ ಹೋಗಲಿ, ಆದರೆ ಹೋದಲ್ಲಿ ಮನೆ ಹೂಡಲಿ.

ಪೆರುವಿನಲ್ಲಿ ನಾವು ಹಾಗೇ ಮಾಡಿದೆವು. ಮಾಚು ಪಿಚು ನೋಡಲು ಎಲ್ಲರೂ ಸಮುದ್ರ ಮಟ್ಟದ ಲಿಮಾದಿಂದ ವಿಮಾನವೇರಿ ನೇರ ಕುಸ್ಕೋಕ್ಕೆ ಹೋಗಿ ಇಳಿಯುತ್ತಾರೆ. ಕುಸ್ಕೋ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ಮಾಚು ಪಿಚು ಇರುವುದು ಕುಸ್ಕೋಗಿಂತ ಕೆಳಗೆ, ಸುಮಾರು 2,430 ಮೀಟರಿನಲ್ಲಿ ಎಂಬುದು ಬಹಳ ಮಂದಿಗೆ ತಿಳಿದಿಲ್ಲ. ನಾವು ಕುಸ್ಕೋದಲ್ಲಿ ತಂಗದೆ ಅಂದೇ ಕೆಳಗಿನ ಉರುಬಂಬಾ ಕಣಿವೆಗೆ ಇಳಿದು ಹತ್ತು ದಿನ ಇದ್ದೆವು. ಆಮೇಲೆ ಮೇಲೇರಿದೆವು. ಸ್ವಲ್ಪ ಏದುಸಿರು ಬಿಟ್ಟರೆ ಬೇರೇನೂ ಆಗಲಿಲ್ಲ. ನೇರವಾಗಿ ಬಂದು ತಂಗಿದ್ದ ಇಬ್ಬರು ಗಟ್ಟಿಮುಟ್ಟಾದ ಹುಡುಗರು ತಲೆನೋವು, ವಾಂತಿಯಿಂದ ಮಲಗಿದ್ದರು. ಎತ್ತರದ ಕಾಯಿಲೆಗೆ ಪ್ರಾಯದ ಮುಲಾಜಿಲ್ಲ. ಹಾಗಾದಾಗ ಇನ್ನೂ ಮೇಲೆ ಹೋಗಲೇಬಾರದು. ಕಡಿಮೆಯಾಗದಿದ್ದರೆ ಕೆಳಗಿಳಿಯುವುದೇ ಮುಖ್ಯ ಚಿಕಿತ್ಸೆ.

ಕೊನೆಯದು ಉಗಾಂಡ. ಅಲ್ಲಿಗೆ ಹೋಗುವವರು ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡ ಪತ್ರ ತೋರಿಸಬೇಕು. ಲಸಿಕೆ ಹಾಕಿಸಿದ ಹತ್ತು ದಿನದ ಮೇಲಷ್ಟೇ ಆ ಪತ್ರಕ್ಕೆ ಬೆಲೆ. 2016ರಿಂದ ಅದು ಜೀವನಪರ್ಯಂತ ಸಲ್ಲುತ್ತದೆ. ಪತ್ರವಿಲ್ಲದೆ ಅಲ್ಲಿಂದ ಹಿಂದಿರುಗಿದರೆ ನಮ್ಮ ದೇಶದವರೇ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಇದು ಕಿರುಕುಳವಲ್ಲ. ಆ ರೋಗ ನಮ್ಮಲ್ಲಿಲ್ಲ, ಆದರೆ ಅದನ್ನು ಹರಡಬಲ್ಲ ಈಡಿಸ್ ಸೊಳ್ಳೆ ನಮ್ಮ ಹೂಕುಂಡಗಳಲ್ಲೇ ಇದೆ. ಅರವತ್ತು ದಾಟಿ ಮೊದಲ ಬಾರಿ ಈ ಲಸಿಕೆ ಪಡೆಯುವವರಲ್ಲಿ ಗಂಭೀರ ಅಡ್ಡಪರಿಣಾಮದ ಸಂಭವ, ಅಪರೂಪವಾದರೂ, ಹೆಚ್ಚು. ಹಾಗಾಗಿ ವೈದ್ಯರೊಡನೆ ಮಾತಾಡಿಯೇ ಹಾಕಿಸಿಕೊಳ್ಳಬೇಕು.

ನೈಲ್ ನದಿ ಹೊರಡುವ ಜಿಂಜಾ ಊರಿನಲ್ಲಿ ಸುಮಾರು ಎರಡು ತಿಂಗಳು ಇದ್ದೆವು. 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮದ ಒಂದು ಭಾಗವನ್ನು ವಿಸರ್ಜಿಸಿದ ಜಾಗ ಅದು. ಸೊಳ್ಳೆಪರದೆಯೊಳಗೆ ಮಲಗಿದೆವು. ಮಲೇರಿಯಾ ಬಾರದಿರಲೆಂದು ದಿನಕ್ಕೊಂದು ಡಾಕ್ಸಿಸೈಕ್ಲಿನ್ ನುಂಗಿದೆವು. ಆ ಸೀಮೆಯನ್ನು ಬಿಟ್ಟ ಮೇಲೂ ನಾಲ್ಕು ವಾರ ಅದನ್ನು ಮುಂದುವರಿಸಬೇಕು, ಏಕೆಂದರೆ ಕೊನೆಯ ದಿನ ಕಚ್ಚಿದ ಸೊಳ್ಳೆಯ ರೋಗಾಣುಗಳು ಆಗಿನ್ನೂ ಮೈಯೊಳಗೆ ಬೆಳೆಯುತ್ತಿರಬಹುದು. ನಾವು ಮೇ ತಿಂಗಳಲ್ಲಿ ಮನೆಗೆ ಬಂದೆವು. ಮಾವಿನಹಣ್ಣಿನ ಕಾಲ, ಮೊಮ್ಮಕ್ಕಳು ಬಂದಿದ್ದರು, ಮಾತ್ರೆಯಿಂದ ನನಗೆ ಎದೆಯುರಿ. ‘ಮನೆಗೇ ಬಂದಾಯ್ತಲ್ಲ’ ಎಂದು ಎಂಟನೆಯ ದಿನ ನಿಲ್ಲಿಸಿಬಿಟ್ಟೆ. ಆಕೆ ಮಾತ್ರ ಮುಂದುವರಿಸಿದಳು.

ಹತ್ತೊಂಬತ್ತನೆಯ ದಿನ ಸಂಜೆ ಚಳಿ ಜ್ವರ ಬಂತು. ಊರಲ್ಲೆಲ್ಲ ವೈರಲ್ ಜ್ವರವಿತ್ತು, ನನ್ನದೂ ಅದೇ ಎಂದು ಪ್ಯಾರಾಸಿಟಮಾಲ್ ನುಂಗಿ ಮಲಗಿದೆ. ಎರಡು ದಿನ ಕಳೆಯಿತು. ದೀಪದ ಕೆಳಗೆ ಕತ್ತಲೆ ಎನ್ನುವುದು ಸುಳ್ಳಲ್ಲ. ಮಲೆನಾಡಿನ ಹಳ್ಳಿಗಳಿಂದ ಬಂದವರ ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ಸವರುತ್ತಿದ್ದವನು ನಾನು. ಮೂರನೆಯ ಬೆಳಿಗ್ಗೆ ಹೆಂಡತಿ ಕೇಳಿದಳು: ‘ರೀ, ಜ್ವರ ಅಂತ ಬಂದವ್ರಿಗೆಲ್ಲ ಎಲ್ಲಿಗೆ ಹೋಗಿದ್ರಿ ಅಂತ ಕೇಳ್ತಿದ್ರಲ್ಲ, ನಿಮ್ಮನ್ನ ನೀವು ಕೇಳ್ಕೊಂಡ್ರಾ?’ ಅಂದೇ ಮಧ್ಯಾಹ್ನ ರಕ್ತ ಪರೀಕ್ಷೆಯಲ್ಲಿ ಫಾಲ್ಸಿಪೇರಂ ಮಲೇರಿಯಾ ಸಿಕ್ಕಿತು. ಮಿದುಳಿಗೆ, ಮೂತ್ರಪಿಂಡಕ್ಕೆ ಏರಿ ಕೊಲ್ಲುವ ಜಾತಿ ಅದು. ಇನ್ನೆರಡು ದಿನ ತಡವಾಗಿದ್ದರೆ ಈ ಲೇಖನವನ್ನು ಬೇರೆ ಯಾರಾದರೂ ಬರೆಯಬೇಕಿತ್ತು. ಆರ್ಟೆಮಿಸಿನಿನ್ ಜಾತಿಯ ಮಾತ್ರೆಗಳಿಂದ ಗುಣವಾಯಿತು. ನನ್ನನ್ನು ನೋಡಿದ ಯುವ ವೈದ್ಯರಿಗೆ ನಾನೇ ಮೊದಲು ಹೇಳಬೇಕಾಯಿತು, ಉಗಾಂಡದಿಂದ ಬಂದವನು ಎಂದು. ನಮ್ಮಲ್ಲಿ ಮಲೇರಿಯಾ ಬಹಳ ಕಡಿಮೆಯಾಗಿದೆ. ಈಗಿನ ವೈದ್ಯರಿಗೆ ಅದು ತಟ್ಟನೆ ಹೊಳೆಯದಿದ್ದರೆ ಅವರ ತಪ್ಪಲ್ಲ. ಅಂಥ ಸೀಮೆಗೆ ಹೋಗಿ ಬಂದು ವರ್ಷದೊಳಗೆ ಜ್ವರ ಬಂದರೆ, ಕೇಳದಿದ್ದರೂ ನಾವೇ ಹೇಳಬೇಕು.

ವಿಶ್ವ ಪರ್ಯಟನೆ ಎಲ್ಲರ ಪಾಲಿಗೂ ಇಲ್ಲ, ಒಪ್ಪಿದೆ. ಆದರೆ ಮಗನ ಮನೆಗೋ ಮಗಳ ಬಾಣಂತನಕ್ಕೋ ಆರು ತಿಂಗಳು ಅಮೆರಿಕಕ್ಕೆ ಹೋಗುವ ತಂದೆ ತಾಯಿ ಇಂದು ಬೀದಿಗೊಬ್ಬರಿದ್ದಾರೆ. ಅದೂ ದೀರ್ಘ ಪ್ರವಾಸವೇ. ಅವರ ಪೆಟ್ಟಿಗೆಯಲ್ಲಿ ಚಟ್ನಿಪುಡಿ, ಹಪ್ಪಳ ಎಷ್ಟು ಕಿಲೋ ಎಂದು ತೂಗಿ ನೋಡುತ್ತೇವೆ. ಹಲ್ಲು ಪರೀಕ್ಷೆ ಆಗಿದೆಯೇ, ಪಾದ ಯಾರಾದರೂ ನೋಡಿದ್ದಾರೆಯೇ, ವಿಮೆ ಹಳೆಯ ಕಾಯಿಲೆಗೂ ಸಲ್ಲುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ನಾಲ್ಕು ಗಂಟೆಗೆ ಮೀರಿದ ಪ್ರಯಾಣದಲ್ಲಿ ಅಲುಗಾಡದೆ ಕುಳಿತರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಸಂಭವ ಸುಮಾರು ಎರಡರಷ್ಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ 2007ರಲ್ಲೇ ಹೇಳಿತು. ಆದರೂ ವಿಮಾನದಲ್ಲಿ ಎದ್ದು ನಾಲ್ಕು ಹೆಜ್ಜೆ ಹಾಕಲು ನಮ್ಮ ಅಮ್ಮಂದಿರಿಗೆ ಸಂಕೋಚ, ಪಕ್ಕದವರಿಗೆ ತೊಂದರೆಯಾದೀತೆಂದು.

ಈಗ ನಮ್ಮ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ನಾನು ಕನ್ನಡಕ ಹಾಕಿಕೊಂಡು ಆಕೆಯ ಎರಡೂ ಪಾದಗಳನ್ನು ದೀಪದ ಬೆಳಕಿಗೆ ಹಿಡಿದು ನೋಡುತ್ತೇನೆ. ನಾನು ನಿಲ್ಲಿಸಿದ ಡಾಕ್ಸಿಸೈಕ್ಲಿನ್ನಿನ ಉಳಿದ 20 ಮಾತ್ರೆಗಳು ಮೇಜಿನ ಖಾನೆಯಲ್ಲಿ ಹಾಗೇ ಇವೆ. ಎಸೆಯಲು ಹೋದರೆ ಆಕೆ ಬಿಡುವುದಿಲ್ಲ.