ಹೆಬ್ಬಾವಿನ ಊಟ ಯಾರ ಖಾತೆಗೆ?

ಶ್ರಾವಕನ ಮನೆಯಲ್ಲಿ ಹೆಬ್ಬಾವನ್ನು ಸಾಕಬಹುದೆ? ಈ ಪ್ರಶ್ನೆಯನ್ನು ಹಿಂದೆ ಯಾರಾದರೂ ಕೇಳಿದ್ದರೆ ನಮ್ಮ ಹಿರಿಯರು ನಕ್ಕು ಸುಮ್ಮನಾಗುತ್ತಿದ್ದರು. ಈಗ ನಗುವಂತಿಲ್ಲ. ಬೆಳಗಾವಿಯಲ್ಲಿರುವ ನಮ್ಮವರದೇ ಒಂದು ಮನೆತನದ ತರುಣನು ಆಫ್ರಿಕ ಮೂಲದ, ಬೆಳೆದರೆ ಹನ್ನೆರಡು ಅಡಿ ದಾಟುವ ಹೆಬ್ಬಾವೊಂದನ್ನು ತಂದು ಸಾಕುವ ಸಿದ್ಧತೆಯಲ್ಲಿದ್ದಾನೆ. ಅವನು ಧರ್ಮಭ್ರಷ್ಟನಲ್ಲ, ಅಷ್ಟಮಿ ಚತುರ್ದಶಿಗಳಂದು ಏಕಭುಕ್ತನಾಗಿರುವವನು. ತಾಯಿ ತಂದೆ ಬೇಡವೆಂದಾಗ ತನ್ನ ಪಕ್ಷವನ್ನು ನಾಲ್ಕು ಪುಟಗಳಲ್ಲಿ ಬರೆದು ನಂದಗಡಕ್ಕೆ ನನಗೆ ಕಳುಹಿಸಿದ್ದಾನೆ. ಆ ಬರಹದಲ್ಲಿ ಹುಡುಗಾಟಿಕೆಯಿಲ್ಲ, ತರ್ಕವಿದೆ. ಆದುದರಿಂದಲೇ ಅದಕ್ಕೆ ಬಹಿರಂಗವಾಗಿ ಉತ್ತರಿಸುವುದು ಯುಕ್ತವೆಂದು ಭಾವಿಸಿದ್ದೇನೆ. ಇಂದು ಒಂದು ಮನೆಯಲ್ಲಿ ಎದ್ದ ಮಾತು ನಾಳೆ ಹತ್ತು ಮನೆಗಳಲ್ಲಿ ಏಳುತ್ತದೆ.

ಕಾನೂನಿನ ಮಾತನ್ನು ಮೊದಲು ಮುಗಿಸಿಬಿಡೋಣ. ನಮ್ಮ ಖಾನಾಪುರ ತಾಲೂಕಿನ ಗದ್ದೆ, ಹಳ್ಳ, ಕಾಡುಗಳಲ್ಲಿರುವ ದೇಶೀಯ ಹೆಬ್ಬಾವು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಗೆ ಸೇರಿದ್ದು, ಹುಲಿ ಆನೆಗಳಿಗಿರುವ ರಕ್ಷಣೆಯೇ ಅದಕ್ಕೂ ಇದೆ. ಅದನ್ನು ಹಿಡಿದು ಮನೆಯಲ್ಲಿಟ್ಟುಕೊಂಡವನಿಗೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸ ಕಾದಿದೆ. ಹೊರದೇಶದ ಜಾತಿಗಳ ವಿಷಯ ಬೇರೆ. 2022ರ ತಿದ್ದುಪಡಿಯಿಂದ ಅವು ನಾಲ್ಕನೆಯ ಅನುಸೂಚಿಗೆ ಬಂದವು. 2024ರಲ್ಲಿ ನೋಂದಣಿಯ ನಿಯಮಗಳೂ ಬಂದವು. ತರುಣನು ಇದನ್ನೇ ಹಿಡಿದುಕೊಂಡು, "ಸರಕಾರವೇ ನೋಂದಾಯಿಸಿಕೊಳ್ಳುವುದಾದರೆ ತಮ್ಮ ಆಕ್ಷೇಪಣೆ ಏನು?" ಎಂದು ಕೇಳುತ್ತಾನೆ. ಸರಕಾರವು ಮದ್ಯದಂಗಡಿಗೂ ಪರವಾನಿಗೆ ಕೊಡುತ್ತದೆ. ಅದನ್ನು ಕಂಡು ಯಾವ ಶ್ರಾವಕನೂ ಅಷ್ಟಮೂಲಗುಣಗಳನ್ನು ತಿದ್ದಿಕೊಂಡಿಲ್ಲ.

ಈ ಪ್ರಾಣಿಗಳು ನಮ್ಮ ಪೇಟೆಗೆ ಬರುವ ದಾರಿಯನ್ನೂ ಅರಿತಿರಬೇಕು. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಪೆಟ್ಟಿಗೆಗಳನ್ನು ಕಸ್ಟಮ್ಸ್ ಅಧಿಕಾರಿಗಳು ಬಿಚ್ಚಿ ನೋಡಿದಾಗ 55 ಬಾಲ್ ಪೈಥಾನ್‌ಗಳು, 17 ಕಾಳಿಂಗ ಸರ್ಪಗಳು ಜೀವಂತವಾಗಿದ್ದವು. ಜೊತೆಗಿದ್ದ ಆರು ಕಪುಚಿನ್ ಮಂಗಗಳು ಸತ್ತಿದ್ದವು. 2024ರ ಏಪ್ರಿಲಿನಲ್ಲಿ ಅದೇ ನಿಲ್ದಾಣದಲ್ಲಿ ಒಬ್ಬ ಪ್ರಯಾಣಿಕನ ಸಾಮಾನಿನಲ್ಲಿ ಹತ್ತು ಹಳದಿ ಅನಕೊಂಡಗಳು ಸಿಕ್ಕವು. ಕೊಳ್ಳುವವನಿರುವುದರಿಂದಲೇ ತರುವವನಿದ್ದಾನೆ, ವ್ಯಾಪಾರದಲ್ಲಿ ತಲೆ ನರೆತ ನಮ್ಮಂಥವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾದುದಿಲ್ಲ. "ನಾನು ಕೊಳ್ಳುವುದು ಪಂಜರದಲ್ಲೇ ಹುಟ್ಟಿದ್ದು, ಕಾಡಿನಿಂದ ಹಿಡಿದದ್ದಲ್ಲ" ಎನ್ನುತ್ತಾನೆ ತರುಣ. ಆಗಲಿ, ಅದನ್ನು ಒಪ್ಪಿಕೊಂಡೇ ಮುಂದೆ ಹೋಗೋಣ.

ಏಕೆಂದರೆ ನನ್ನ ಮುಖ್ಯ ಆಕ್ಷೇಪಣೆ ಇರುವುದು ಹಾವು ಎಲ್ಲಿಂದ ಬಂತೆಂಬಲ್ಲಿ ಅಲ್ಲ, ಅದು ಏನು ತಿನ್ನುತ್ತದೆ ಎಂಬಲ್ಲಿ. ನಾಯಿಗೆ ಅನ್ನ ಹಾಲು ಹಾಕಿ ಸಾಕಿದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಹೆಬ್ಬಾವಿಗೆ ಅದು ಸಾಧ್ಯವಿಲ್ಲ. ಇಡೀ ಪ್ರಾಣಿಯನ್ನು ನುಂಗಿ ಅರಗಿಸಿಕೊಳ್ಳುವುದೊಂದೇ ಅದರ ದೇಹಕ್ಕೆ ತಿಳಿದ ಊಟ. ಮರಿಯಾಗಿದ್ದಾಗ ಚಿಕ್ಕ ಇಲಿ, ಬೆಳೆದಂತೆ ಹೆಗ್ಗಣದ ಗಾತ್ರದ್ದು, ಆಮೇಲೆ ಮೊಲ, ಕೋಳಿ. ಮರಿಗೆ ವಾರವಾರವೂ ಬೇಕು, ಅದನ್ನು ಬಿಟ್ಟುಬಿಡೋಣ. ತಿಂಗಳಿಗೆ ಎರಡೇ ಜೀವ ಎಂದು ಕಡಿಮೆಯಲ್ಲಿ ಹಿಡಿದರೂ ವರ್ಷಕ್ಕೆ 24. ಪಂಜರದ ಹೆಬ್ಬಾವು ಇಪ್ಪತ್ತು ವರ್ಷ ಸುಲಭವಾಗಿ ಬದುಕುತ್ತದೆ. ಕಿರ್ದಿಯಲ್ಲಿ ಬರೆದುಕೊಂಡರೆ ಮೊತ್ತ 480 ಪಂಚೇಂದ್ರಿಯ ಜೀವಗಳು. ಒಂದು ಜೀವದ ಮೇಲಿನ ಪ್ರೀತಿಗಾಗಿ ನಾನೂರ ಎಂಬತ್ತು ಜೀವಗಳನ್ನು ಹಣ ಕೊಟ್ಟು ತರಿಸಬೇಕು. ಅದೂ ಸೂರ್ಯಾಸ್ತದ ನಂತರ ಊಟ ಮಾಡದ, ಗಡ್ಡೆ ಗೆಣಸು ಒಳತರದ, ನೀರನ್ನು ಸೋಸಿ ಕುಡಿಯುವ ಮನೆಯೊಳಗೆ!

ಕಾಡಿನ ಹೆಬ್ಬಾವೂ ತಿನ್ನುವುದಿಲ್ಲವೆ ಎಂದು ಕೇಳುವವರುಂಟು. ತಿನ್ನುತ್ತದೆ. ನಮ್ಮ ತಾಲೂಕಿನ ಭೀಮಗಡದ ಕಾಡಿನಲ್ಲಿ ಅದು ಹಿಡಿದು ನುಂಗಿದ ಪ್ರಾಣಿಗೆ ನಾವು ಹೊಣೆಯಲ್ಲ. ಅದು ಆ ತಿರ್ಯಂಚ ಜೀವದ ಕರ್ಮ, ಆ ಜೀವದ ಖಾತೆ. ಅದೇ ಹೆಬ್ಬಾವನ್ನು ಗಾಜಿನ ಪೆಟ್ಟಿಗೆಯಲ್ಲಿ ಕೂಡಿಹಾಕಿದ ದಿನದಿಂದ ಬೇಟೆಯಾಡುವ ಕೆಲಸ ನಮ್ಮ ಪಾಲಿಗೆ ಬರುತ್ತದೆ. ಅದರ ಖರ್ಚೆಲ್ಲ ಅಂದಿನಿಂದ ನಮ್ಮ ಖಾತೆಗೆ ಬೀಳುತ್ತದೆ.

ತರುಣನು ಇದನ್ನೂ ಯೋಚಿಸಿದ್ದಾನೆ. ಜೀವಂತ ಇಲಿಯನ್ನು ಹಾಕುವುದಿಲ್ಲವಂತೆ. ಕೊಂದು ಹಿಮಗಟ್ಟಿಸಿ ಮಾರುವ ಇಲಿಗಳನ್ನು ತರಿಸುತ್ತಾನಂತೆ. "ನಾನು ಕೊಲ್ಲುವುದಿಲ್ಲ, ಸತ್ತದ್ದನ್ನು ಕೊಡುತ್ತೇನೆ" ಎಂದು ಬರೆದಿದ್ದಾನೆ. ಕಟುಕನ ಅಂಗಡಿಯಲ್ಲಿ ಮಾಂಸ ಕೊಳ್ಳುವವನೂ ಇದೇ ಮಾತನ್ನು ಹೇಳಬಹುದಲ್ಲವೆ? ಕೃತ, ಕಾರಿತ, ಅನುಮೋದನ ಎಂದು ಮೂರನ್ನು ಆಚಾರ್ಯರು ಬಿಡಿಸಿ ಹೇಳಿದ್ದು ಇಂಥ ಜಾಣತನ ಯಾವ ಕಾಲದಲ್ಲಿಯೂ ಹುಟ್ಟುತ್ತದೆಂದು ತಿಳಿದೇ. ಹಾವಿಗೆಂದೇ ಇಲಿಗಳನ್ನು ಬೆಳೆಸಿ, ಹಾವಿಗೆಂದೇ ಕೊಂದು ಇಟ್ಟದ್ದನ್ನು ಕೊಂಡವನು ಕಾರಿತದಿಂದ ತಪ್ಪಿಸಿಕೊಳ್ಳಲಾರ. ಇನ್ನು ಆಳಿನ ಕೈಯಿಂದ ಹಾಕಿಸುತ್ತೇನೆಂಬ ಮಾತಿಗೆ ಉತ್ತರವೇ ಬೇಕಿಲ್ಲ.

ಅನರ್ಥದಂಡದ ಐದು ಭೇದಗಳಲ್ಲಿ ಹಿಂಸಾದಾನವೆಂಬುದೊಂದು. ಸಮಂತಭದ್ರಸ್ವಾಮಿಗಳ ರತ್ನಕರಂಡಕ ಶ್ರಾವಕಾಚಾರವನ್ನು ಓದಿದವರಿಗೆ ಇದು ಹೊಸತಲ್ಲ. ಕಾರ್ತಿಕೇಯಾನುಪ್ರೇಕ್ಷೆಯು ಇನ್ನೂ ಸ್ಪಷ್ಟವಾಗಿ, ಬೆಕ್ಕು ಮೊದಲಾದ ಹಿಂಸ್ರ ಪ್ರಾಣಿಗಳನ್ನು ಇಟ್ಟುಕೊಳ್ಳುವುದನ್ನು ಆಯುಧ ಮಾರುವುದರ ಪಂಕ್ತಿಯಲ್ಲಿಯೇ ಎಣಿಸಿದೆ. ಬೆಕ್ಕಿಗೇ ಈ ಮಾತಾದರೆ ಅಜಗರಕ್ಕೆ ಏನೆನ್ನಬೇಕು?

ಆದರೆ ಇಲ್ಲಿ ತರುಣನ ಕಡೆಯಿಂದ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ಅವನನ್ನು ಕರೆದು ಗದರಿಸಿದ ಹಿರಿಯರಲ್ಲಿ ಕಾಳಿನ ಗೋದಾಮು ಇಟ್ಟವರಿದ್ದಾರೆ. ಅಲ್ಲಿ ಚೀಲಗಳ ಸಂದಿಯಲ್ಲಿ ಇಲಿಪಾಷಾಣದ ಗುಳಿಗೆ, ಮೂಲೆಯಲ್ಲಿ ಅಂಟಿನ ಹಲಗೆ, ಬಾಗಿಲಲ್ಲಿ ಬೆಕ್ಕು. ಅಂಟಿಗೆ ಸಿಕ್ಕ ಇಲಿ ಹಸಿವು ಬಾಯಾರಿಕೆಗಳಿಂದ ಗಂಟೆಗಟ್ಟಲೆ ಒದ್ದಾಡಿ ಸಾಯುತ್ತದೆ. ಹೆಬ್ಬಾವು ತನ್ನ ಬೇಟೆಯನ್ನು ನಿಮಿಷಗಳಲ್ಲಿ ಮುಗಿಸುತ್ತದೆ. ಚೀಲವೊಂದಕ್ಕೆ ಇಷ್ಟು ರೂಪಾಯಿ ನಷ್ಟ ಎಂಬ ಕಾರಣಕ್ಕೆ ಇದನ್ನು ನಡೆಸುವವರು ಆ ಹುಡುಗನಿಗೆ ಹಿಂಸಾದಾನದ ಪಾಠ ಹೇಳುವುದು ಚೆನ್ನಾಗಿ ಕಾಣುವುದಿಲ್ಲ. ಗೋಡೆಯ ಬಿರುಕು ಮುಚ್ಚಿಸುವುದು, ಚೀಲಗಳನ್ನು ನೆಲದಿಂದ ಎತ್ತರಿಸಿ ಇಡುವುದು, ಬಾಗಿಲ ಕೆಳಗೆ ತಗಡು ಹೊಡೆಸುವುದು ಇವೆಲ್ಲ ಸಾಧ್ಯವಿರುವ ಕೆಲಸಗಳು. ಒಂದಿಷ್ಟು ಖರ್ಚಾಗುತ್ತದೆ, ಅಷ್ಟೆ.

ತರುಣನ ಬರಹದಲ್ಲಿ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ ಮಾತು ಪಾರ್ಶ್ವನಾಥ ತೀರ್ಥಂಕರರದು. ಭಗವಂತನ ಶಿರದ ಮೇಲೆಯೇ ಸರ್ಪದ ಹೆಡೆಯಿರುವಾಗ, ಪದ್ಮಾವತಿ ಧರಣೇಂದ್ರರನ್ನು ಮನೆಮನೆಯಲ್ಲಿ ಪೂಜಿಸುವಾಗ, ಸರ್ಪವನ್ನು ಸಾಕುವುದು ಪಾಪವೆಂತು? ಎಂದು ಅವನು ಕೇಳಿದ್ದಾನೆ. ಪುರಾಣವನ್ನು ಪೂರ್ತಿ ಓದಬೇಕು. ತಾಪಸನ ಅಗ್ನಿಯಲ್ಲಿ ಬೇಯುತ್ತಿದ್ದ ನಾಗಯುಗಲವನ್ನು ಕುಮಾರ ಪಾರ್ಶ್ವನು ಕಂಡು ಕರುಣೆಯಿಂದ ಧರ್ಮವನ್ನು ಕೇಳಿಸಿದನೇ ಹೊರತು ಅರಮನೆಗೆ ಒಯ್ದು ಪೆಟ್ಟಿಗೆಯಲ್ಲಿಡಲಿಲ್ಲ. ಮುಂದೆ ಉಪಸರ್ಗದ ಸಮಯದಲ್ಲಿ ಧರಣೇಂದ್ರನು ತಾನಾಗಿ ಬಂದನು. ಯಾರೂ ಕಟ್ಟಿ ತರಲಿಲ್ಲ.

ಅದೇ ಪುರಾಣದ ಹಿಂದಿನ ಭವಾವಳಿಯಲ್ಲಿ ಅಜಗರವೂ ಬರುತ್ತದೆಂಬುದನ್ನು ತರುಣನು ಗಮನಿಸಿದಂತಿಲ್ಲ. ಮರುಭೂತಿಯ ಜೀವವು ರಶ್ಮಿವೇಗನೆಂಬ ಮುನಿಯಾಗಿ ಧ್ಯಾನದಲ್ಲಿದ್ದಾಗ, ಕಮಠನ ಜೀವವು ಅಜಗರವಾಗಿ ಬಂದು ಅವರ ಪ್ರಾಣ ತೆಗೆಯಿತು. ಮುನಿಯು ಅದನ್ನು ದ್ವೇಷಿಸಲಿಲ್ಲ. ಆದರೆ ಅಜಗರವನ್ನು ಆಟದ ವಸ್ತುವೆಂದಾಗಲಿ, ಮನೆಯ ಅಲಂಕಾರವೆಂದಾಗಲಿ ಆ ಕಥೆ ಕಾಣುವುದಿಲ್ಲ. ವೈರದ ಭಾರ ಹೊತ್ತು ಭವದಿಂದ ಭವಕ್ಕೆ ಅಲೆಯುವ ಜೀವವೆಂದು ಕಾಣುತ್ತದೆ. ಈ ಕಥೆಯನ್ನು ಕನ್ನಡದಲ್ಲಿ ಹೇಳಿದ ಪಾರ್ಶ್ವಪಂಡಿತನು ಸವದತ್ತಿಯ ರಟ್ಟರ ಆಶ್ರಯದ ಕವಿ; ಬೆಳಗಾವಿ ಕೋಟೆಯ ಕಮಲಬಸದಿ ಎದ್ದದ್ದೂ ಅದೇ ರಟ್ಟರ ಕಾಲದಲ್ಲಿ, 1204ರಲ್ಲಿ. ನಮ್ಮದೇ ನೆಲದ ಪುರಾಣವನ್ನು ನಮ್ಮ ಮಕ್ಕಳು ಹೆಡೆಯ ಚಿತ್ರದಷ್ಟರಿಂದಲೇ ಬಲ್ಲವರಾದರೆ ದೋಷ ಪಾಠಶಾಲೆ ನಡೆಸುವ ನಮ್ಮದೂ ಹೌದು.

ಪಾಂಜರಾಪೋಳಗಳ ಮಾತನ್ನೂ ಅವನು ಎತ್ತಿದ್ದಾನೆ. ದಿಲ್ಲಿಯ ಲಾಲ್ ಮಂದಿರದಲ್ಲಿರುವ ನಮ್ಮವರ ಪಕ್ಷಿ ಆಸ್ಪತ್ರೆ ಲೋಕಪ್ರಸಿದ್ಧ. ಅಲ್ಲಿ ಕಾಳು ತಿನ್ನುವ ಹಕ್ಕಿಗಳನ್ನು ಒಳಗಿಟ್ಟುಕೊಂಡು ಉಪಚರಿಸುತ್ತಾರೆ. ಮಾಂಸಾಹಾರಿ ಹಕ್ಕಿಗಳಿಗೆ ಗಾಯ ಕಟ್ಟಿ ಕಳುಹಿಸುವುದೇ ಹೊರತು ಒಳರೋಗಿಯಾಗಿ ಇಟ್ಟುಕೊಳ್ಳುವುದಿಲ್ಲವೆಂಬುದು ಅಲ್ಲಿನ ರೂಢಿ. ಇದನ್ನು ನಿರ್ದಯವೆಂದು ಟೀಕಿಸಿದವರಿದ್ದಾರೆ. ರೆಕ್ಕೆ ಮುರಿದ ಹದ್ದನ್ನು ಬಾಗಿಲಿನಿಂದಲೇ ಹಿಂದಿರುಗಿಸಿದರೆ ಅದು ನನಗೂ ಒಪ್ಪಿಗೆಯಿಲ್ಲ. ಆದರೆ ಗಾಯಕ್ಕೆ ಮದ್ದು ಕೊಡುವುದಕ್ಕೂ ಊಟಕ್ಕೆ ಮಾಂಸ ತರಿಸುವುದಕ್ಕೂ ನಡುವೆ ಗೆರೆಯೊಂದಿದೆಯೆಂದು ಅವರು ಕಂಡುಕೊಂಡದ್ದು ಸರಿ. ತರುಣನ ಹೆಬ್ಬಾವಿಗೆ ಗಾಯವೂ ಇಲ್ಲ, ಸಂಕಟವೂ ಇಲ್ಲ. ಸಂಕಟವನ್ನು ನಾವೇ ಹಣ ಕೊಟ್ಟು ಆರಂಭಿಸಬೇಕಾಗಿದೆ.

ಅಹಿಂಸಾಣುವ್ರತದ ಅತಿಚಾರಗಳಲ್ಲಿ ಮೊದಲನೆಯದು ಬಂಧ. ದಿನಗಟ್ಟಲೆ ಅಲುಗಾಡದೆ ಬಿದ್ದಿರುವ ಪ್ರಾಣಿಗೆ ಬಂಧನದ ನೋವೆಲ್ಲಿ ಎನ್ನುತ್ತಾರೆ ಮಾರುವವರು. ಹೆಬ್ಬಾವು ಈಜುತ್ತದೆ, ಮರವೇರುತ್ತದೆ, ಬಿಸಿಲಿಗೆ ಬಂದು ಮೈಯೊಡ್ಡುತ್ತದೆ. ನಮ್ಮ ಕಾಡಿನ ತಾಯಿ ಹೆಬ್ಬಾವು ಮೊಟ್ಟೆಗಳ ಸುತ್ತ ಸುರುಳಿಯಾಗಿ ಎರಡು ತಿಂಗಳಷ್ಟು ಕಾಲ ಕಾವು ಕೊಡುತ್ತದೆ; ಚಳಿಯಾದರೆ ಮೈಯ ಮಾಂಸಖಂಡಗಳನ್ನು ತಾನೇ ಕಂಪಿಸಿ ಬಿಸಿ ಹುಟ್ಟಿಸುತ್ತದೆ. ಇಂಥ ಜೀವಕ್ಕೆ ನಾಲ್ಕು ಗಾಜು ಸಾಕೆಂದು ತೀರ್ಮಾನಿಸಲು ನಾವಾರು? ಅದು ನಾಯಿಯಂತೆ ಸಾಕಿದವನನ್ನು ಹುಡುಕಿಕೊಂಡೂ ಬರುವುದಿಲ್ಲ. ಅದಕ್ಕೆ ನಮ್ಮಿಂದ ಆಗಬೇಕಾದುದು ಏನೂ ಇಲ್ಲ; ಅದರಿಂದ ಆಗಬೇಕಾದುದೆಲ್ಲ ನಮಗೆ, ಅದೂ ನೋಡಿದವರ ಬೆರಗು, ನಮ್ಮ ಹೆಮ್ಮೆ. ಮನೆಯ ಮಕ್ಕಳಿಗಿರುವ ಅಪಾಯವನ್ನು ತಾಯಿಯೇ ಅವನಿಗೆ ಹೇಳಿದ್ದಾಳೆ.

ಈಗಾಗಲೇ ತಂದವರ ಗತಿಯೇನು? ಇಲ್ಲಿ ನಮ್ಮ ಜೀವದಯೆಯೇ ನಮ್ಮನ್ನು ತಪ್ಪು ದಾರಿಗೆ ಎಳೆಯಬಹುದು. ಹಕ್ಕಿಗಳನ್ನು ಕೊಂಡು ಹಾರಿಬಿಡುವ ಅಭ್ಯಾಸದವರು ನಾವು. ಪಶ್ಚಾತ್ತಾಪ ಬಂದೊಡನೆ ಹಾವನ್ನೂ ಚೀಲದಲ್ಲಿ ಒಯ್ದು ಕಾಡಿಗೆ ಬಿಡೋಣವೆನಿಸುತ್ತದೆ. ಹಾಗೆ ಮಾಡಕೂಡದು. ಅಮೆರಿಕದ ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಸಾಕುವವರ ಕೈಯಿಂದ ಹೊರಬಿದ್ದ ಬರ್ಮೀಸ್ ಪೈಥಾನ್‌ಗಳು ಹಬ್ಬಿದ ಮೇಲೆ ಅಲ್ಲಿ ರಕೂನ್‌ಗಳು ಕಣ್ಣಿಗೆ ಬೀಳುವುದು ಶೇಕಡಾ 99ರಷ್ಟು ಇಳಿಯಿತೆಂದು 2012ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಭೀಮಗಡದ ಕಾಡಿಗೆ ಪರದೇಶದ ಹೆಬ್ಬಾವನ್ನು ಬಿಟ್ಟರೆ ಅದು ಹಸಿದು ಸಾಯಬಹುದು, ಇಲ್ಲಿನ ಹಾವುಗಳಿಗೆ ರೋಗ ತರಬಹುದು, ಅಥವಾ ಬದುಕಿ ಹಬ್ಬಬಹುದು. ಮೂರರಲ್ಲಿ ಯಾವುದಾದರೂ ಹಿಂಸೆಯೇ. ತಂದವರು ಅರಣ್ಯ ಇಲಾಖೆಗೆ ಬರೆದು ತಿಳಿಸಿ ಒಪ್ಪಿಸಬೇಕು. ದಾಖಲೆ ಸರಿಯಿಲ್ಲದಿದ್ದರೆ ವಕೀಲರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಲಿ. ಭಯದಿಂದ ರಾತ್ರೋರಾತ್ರಿ ಹಳ್ಳಕ್ಕೆ ಬಿಡುವುದು ಬೇಡ.

ಟ್ರಸ್ಟಿನವರಿಗೆ ಒಂದು ಮಾತು. ಮಳೆಗಾಲದಲ್ಲಿ ಬಸದಿಯ ಆವರಣಕ್ಕೆ ಹೆಬ್ಬಾವು ಬಂದರೆ ಅದನ್ನು ಹಿಡಿಸಿ, ಕೊರಳಿಗೆ ಹಾಕಿಸಿಕೊಂಡು, ಧರಣೇಂದ್ರನೇ ಬಂದನೆಂದು ಫೋಟೊ ತೆಗೆಸುವುದನ್ನು ನಿಲ್ಲಿಸಿರಿ. ಜನರನ್ನು ದೂರ ನಿಲ್ಲಿಸಿ, ಅರಣ್ಯ ಇಲಾಖೆಯ ಸಿಬ್ಬಂದಿಯನ್ನು ಕರೆಯಿಸಿ, ಅವರು ಬರುವತನಕ ಒಬ್ಬರು ಕಾವಲಿರಿ. ಆವರಣಕ್ಕೆ ಹಾವು ಬರುವುದು ಇಲಿಗಳನ್ನರಸಿ, ಇಲಿಗಳು ಬರುವುದು ಚೆಲ್ಲಿದ ಅಕ್ಷತೆ ಮತ್ತು ಉಳಿದ ಪ್ರಸಾದವನ್ನರಸಿ; ಸಂಜೆಯೊಳಗೆ ಅದನ್ನು ಗುಡಿಸಿ ತೆಗೆಯುವ ಏರ್ಪಾಡು ಎಷ್ಟು ಬಸದಿಗಳಲ್ಲಿದೆ ಎಂಬುದನ್ನು ಮುಂದಿನ ಸಭೆಯಲ್ಲಿ ವಿಚಾರಿಸಿರಿ.