ಗೌರವಧನವೋ, ವೇತನವೋ?

ಸರಕಾರದ ಆರೋಗ್ಯಸೇವೆಯು ನಮ್ಮ ಹಳ್ಳಿಗಳ ಮನೆಬಾಗಿಲಿಗೆ ಬರುವುದು ವೈದ್ಯರ ರೂಪದಿಂದಲ್ಲ, ಆಶಾ ಕಾರ್ಯಕರ್ತೆಯ ರೂಪದಿಂದ. ಇದು ನಮ್ಮ ವಾಚಕರಿಗೆ, ವಿಶೇಷವಾಗಿ ಹಳ್ಳಿಯ ಶಾಲೆಗಳಲ್ಲಿರುವ ಉಪಾಧ್ಯಾಯ ಮಹನೀಯರಿಗೆ, ನಾವು ಹೇಳಿ ತಿಳಿಯಬೇಕಾದ ಸಂಗತಿಯಲ್ಲ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಮೊದಲಾದಾಗ, ಸಾವಿರ ಜನಕ್ಕೆ ಒಬ್ಬಳಂತೆ ಈಕೆಯನ್ನು ಗೊತ್ತುಮಾಡಲಾಯಿತು. ಆ ಕಾಲಕ್ಕೆ ದೇಶದ ಹೆರಿಗೆಗಳಲ್ಲಿ ನೂರಕ್ಕೆ 39ರಷ್ಟು ಮಾತ್ರ ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2019-21ರ ಸಮೀಕ್ಷೆಯ ವೇಳೆಗೆ ಅದು 89ಕ್ಕೆ ಏರಿತು. ನಡುರಾತ್ರಿಯಲ್ಲಿ ಬಸುರಿಯೊಡನೆ ಗಾಡಿಯೇರಿದ ಈ ಹೆಂಗಸರಿಲ್ಲದೆ ಇದು ಸಾಧ್ಯವಾಗುತ್ತಿತ್ತೆಂದು ನಾವು ನಂಬಲಾರೆವು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇವರನ್ನು ಪುರಸ್ಕರಿಸಿತು.

ಇಂಥವರಿಗೆ ನಾವು ಕೊಡುತ್ತಿರುವುದೇನು? ಸ್ವಯಂಸೇವಿಕೆಯೆಂಬ ಬಿರುದು! ಸ್ವಯಂಸೇವಿಕೆಯಾದುದರಿಂದ ಆಕೆಗೆ ವೇತನವಿಲ್ಲ. ಗೌರವಧನವುಂಟು, ಮತ್ತು ಕೆಲಸಕ್ಕೆ ಇಷ್ಟೆಂಬ ಪ್ರೋತ್ಸಾಹಧನವುಂಟು. ಹಳ್ಳಿಯ ಬಡ ಬಸುರಿಯೊಬ್ಬಳನ್ನು ಮೊದಲ ತಪಾಸಣೆಯಿಂದ ಆಸ್ಪತ್ರೆಯ ಹೆರಿಗೆಯವರೆಗೆ ನಡೆಯಿಸಿದರೆ ಜನನಿ ಸುರಕ್ಷಾ ಯೋಜನೆಯಂತೆ 600 ರೂಪಾಯಿ. ಕರ್ನಾಟಕದ ಆಶಾ ಕಾರ್ಯಕರ್ತೆಯರು 2025ರ ಜನವರಿಯಲ್ಲಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಚಳಿಯೊಳಗೆ ಹಗಲಿರುಳು ಧರಣಿ ಕುಳಿತ ಮೇಲೆ, ಎಲ್ಲವೂ ಸೇರಿ ತಿಂಗಳಿಗೆ ಕನಿಷ್ಠ 10,000 ರೂಪಾಯಿ ದೊರೆಯುವುದೆಂದು ರಾಜ್ಯ ಸರಕಾರವು ಭರವಸೆಯಿತ್ತಿತು. ಅದೇ ಆಗಸ್ಟಿನಲ್ಲಿ ಅವರು ಪುನಃ ಬೀದಿಗಿಳಿಯಬೇಕಾಯಿತು.

ಆ ಭರವಸೆ ಪೂರ್ಣವಾಗಿ ಕೈಗೂಡಿತೆಂದೇ ಇಟ್ಟುಕೊಳ್ಳೋಣ. ವರ್ಷಕ್ಕೆ 1,20,000 ರೂಪಾಯಿಯಾಯಿತು. 2023-24ರಲ್ಲಿ ದೇಶದ ತಲಾ ಆದಾಯವು ಸುಮಾರು 1,84,000 ರೂಪಾಯಿ; ಕರ್ನಾಟಕದ್ದು ಮೂರು ಲಕ್ಷವನ್ನು ಮೀರಿದುದು. ತಲಾ ಆದಾಯವೆಂದರೆ ದುಡಿಯುವವರ ಸರಾಸರಿಯಲ್ಲ. ದುಡಿಯಲಾರದ ಮುದುಕರನ್ನೂ ತೊಟ್ಟಿಲ ಕೂಸುಗಳನ್ನೂ ಕೂಡಿಸಿ ಭಾಗಿಸಿದ ಲೆಕ್ಕ. ಅಂದಮೇಲೆ, ಯಾವ ಕೂಸಿಗೆ ಲಸಿಕೆ ಹಾಕಿಸಲು ಈಕೆ ಬಿಸಿಲಲ್ಲಿ ಅಲೆಯುವಳೋ, ಆ ಕೂಸಿನ ಹೆಸರಿಗೆ ಬರುವ ಪಾಲೂ ಈಕೆಯ ಸಂಪಾದನೆಗಿಂತ ಹೆಚ್ಚಿನದು!

ಬೊಕ್ಕಸದಲ್ಲಿ ಹಣವಿಲ್ಲವೆಂಬ ಸಮಾಧಾನವನ್ನು ನಾವು ಕೇಳಿದ್ದೇವೆ. ಆದರೆ ವೈದ್ಯಾಧಿಕಾರಿಗಳ ಸಂಬಳವು ವೇತನ ಆಯೋಗಗಳಿಂದ ಕಾಲಕಾಲಕ್ಕೆ ಪರಿಷ್ಕೃತವಾಗುವಾಗ ಈ ಮಾತು ಕೇಳಿಬರುವುದಿಲ್ಲ. ಅವರ ಸಂಬಳವು ಹೆಚ್ಚಾಯಿತೆಂಬ ಅಸೂಯೆ ನಮಗಿಲ್ಲ. ಒಂದೇ ಸೇವೆಯ ಒಂದು ತುದಿಗೆ ಆಯೋಗವೂ ಇನ್ನೊಂದು ತುದಿಗೆ ಧರಣಿಯೂ ಏಕೆಂಬುದೇ ನಮ್ಮ ಪ್ರಶ್ನೆ. ಇಂಥ ಯೋಜನೆಗಳಲ್ಲಿ ದುಡಿಯುವವರನ್ನು ಕಾರ್ಮಿಕರೆಂದು ಅಂಗೀಕರಿಸಿ ಕನಿಷ್ಠ ವೇತನ ಕೊಡಬೇಕೆಂದು 2013ರಲ್ಲಿಯೇ 45ನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಶಿಫಾರಸು ಮಾಡಿತು. ಕೇಂದ್ರ ಸರಕಾರವು ಆ ಶಿಫಾರಸನ್ನು ಕಡತದಿಂದ ಹೊರತೆಗೆಯಲಿ. ರಾಜ್ಯ ಸರಕಾರವು ತನ್ನ ಮುಂದಿನ ಆಯವ್ಯಯದಲ್ಲಿ ಈ ಬಾಬನ್ನು ಗೌರವಧನದ ಬದಲು ವೇತನವೆಂದೇ ಬರೆಯಲಿ.