ಮೇರಿ ಡೋರನ್ ಹೆಸರು ಎಲ್ಲಿ?

ನಿನ್ನೆ ಗೆಳೆಯನೊಬ್ಬ ಲೆಡ್ ಜೆಪ್ಪೆಲಿನ್ ಬ್ಯಾಂಡಿನ 'ಬ್ಲ್ಯಾಕ್ ಮೌಂಟನ್ ಸೈಡ್' ಕಳಿಸಿ, "ಸೈಕೆಡೆಲಿಕ್ ಫೋಕ್ ಅಂದ್ರೆ ಇದು, ಕೇಳಣ್ಣ" ಅಂದ. ಕೇಳ್ದೆ. ಎರಡು ನಿಮಿಷ ಚಿಲ್ಲರೆ, ಮಾತಿಲ್ಲದ ಗಿಟಾರು, ಜೊತೆಗೆ ವಿರಾಮ್ ಜಸಾನಿ ತಬಲಾ. ಮತ್ತೇರುತ್ತೆ, ಸುಳ್ಳು ಹೇಳಲ್ಲ. 1969ರ ಆ ರೆಕಾರ್ಡಿನ ಮೇಲೆ ರಚನೆ: ಜಿಮ್ಮಿ ಪೇಜ್.

ರಚನೆಯಾ? ಆ ಗಿಟಾರ್ ವರಸೆ 1966ರಲ್ಲೇ ಬರ್ಟ್ ಜಾನ್ಶ್ 'ಬ್ಲ್ಯಾಕ್‌ವಾಟರ್‌ಸೈಡ್' ಹಾಡಿಗೆ ನುಡಿಸಿದ್ದು. ಜಾನ್ಶ್ ಆ ಹಾಡು ಕಲಿತದ್ದು ಆನ್ ಬ್ರಿಗ್ಸ್ ಹತ್ತಿರ. ಇನ್ನೂ ಹಿಂದಕ್ಕೆ ಹೋದ್ರೆ ಬಿಬಿಸಿ ಧ್ವನಿಸಂಗ್ರಹದಲ್ಲಿ ಇದೇ ಹಾಡು ಹಾಡಿದ ಮೇರಿ ಡೋರನ್ ಸಿಗ್ತಾರೆ, ಐರ್ಲೆಂಡಿನ ಟ್ರಾವೆಲರ್ ಸಮುದಾಯದ ಹೆಣ್ಣುಮಗಳು. ಊರೂರು ಅಲೆದು ತಗಡಿನ ಕೆಲಸ ಮಾಡಿ, ಕುದುರೆ ಮಾರಿ ಬದುಕಿದ, ಊರು ಹತ್ತಿರ ಬಿಟ್ಕೊಳ್ಳದ ಜನ. ಅವರದೊಂದು ಪ್ರತ್ಯೇಕ ಜನಾಂಗ ಅಂತ ಅಲ್ಲಿನ ಸರ್ಕಾರ ಒಪ್ಪಿದ್ದು 2017ರಲ್ಲಿ!

"ಜಾನಪದ ಎಲ್ಲರದ್ದು ಕಣಣ್ಣ" ಅಂತಾನೆ ಗೆಳೆಯ. ಎಲ್ಲರದ್ದಾದ್ರೆ ಪೇಜ್ ಒಬ್ಬನ ಹೆಸರು ಯಾಕಪ್ಪ? ಹಾಡೋವಾಗ ಎಲ್ಲರದ್ದು, ರಾಯಲ್ಟಿ ಬರೋವಾಗ ಒಬ್ಬನದ್ದಾ?

ನಮ್ಮವ್ವ ನಾಟಿ ಗದ್ದೇಲಿ ಹಾಡ್ತಿದ್ದ ಪದಗಳನ್ನ ಒಬ್ಬರು ನಮ್ಮ ಕೇರಿಗೆ ಬಂದು, ಜಗುಲಿ ಮೇಲೆ ಕೂತು ಟೇಪ್ ಮಾಡ್ಕೊಂಡು ಹೋದ್ರು. ಕೊಟ್ಟ ನೀರು ಮುಟ್ಟಲಿಲ್ಲ. ಪುಸ್ತಕ ಬಂತು. ಸಂಪಾದಕರ ಹೆಸರು ದಪ್ಪಕ್ಷರದಲ್ಲಿ, ಅವ್ವನ ಪದದ ಕೆಳಗೆ 'ಅನಾಮಧೇಯ'. ಅವ್ವನಿಗೆ ಹೆಸರಿತ್ತು ಸ್ವಾಮಿ, ರೇಷನ್ ಕಾರ್ಡಲ್ಲೂ ಇತ್ತು.

ಪೇಜ್ ನುಡಿಸೋದು ಬೇಡ ಅಂತಿಲ್ಲ. ಈ ಟ್ರ್ಯಾಕ್ ಹಂಚುವವರು ಮೇರಿ ಡೋರನ್ ಹೆಸರನ್ನೂ ಬರೀರಿ. ಜಾನಪದ ಅಚ್ಚು ಹಾಕೋರು ಹಾಡಿದವರ ಹೆಸರು, ಊರು ಹಾಕಿ, ದುಡ್ಡೂ ಕೊಡಿ.

ಜೈಭೀಮ್.